ನಾಲ್ಕು ಜನ, ನಾಲ್ಕು ದಿಕ್ಕು

ಡ್ರ್ಯಾಗನ್ ಬಂದರೆ ಬರಲಿ, ಒಂದು ಕೈ ನೋಡೇ ಬಿಡೋಣ ಅನ್ನುವಷ್ಟು ಧೈರ್ಯ ನನಗಿದೆ. ಭಯ ಆಗುವುದು ನಮ್ಮವರನ್ನು ಕಂಡರೆ. ರೋಲ್ ಪ್ಲೇಯಿಂಗ್ ವಿಡಿಯೋ ಗೇಮುಗಳಲ್ಲಿ ನನ್ನ ಪಾರ್ಟಿ, ಅಂದರೆ ನಾನು ಆಡಿಸುವ ತಂಡ, ನೆಲಕಚ್ಚಿದ ಪ್ರಸಂಗಗಳನ್ನು ತನಿಖೆ ಮಾಡಿದರೆ, ಆರೋಪಿಗಳ ಪಟ್ಟಿಯಲ್ಲಿ ರಾಕ್ಷಸರಿಗಿಂತ ಮನೆಯವರೇ ಜಾಸ್ತಿ.

ನಮ್ಮ ಮಾಂತ್ರಿಕನನ್ನೇ ತಗೊಳ್ಳಿ. ಬಾಲ್ಡರ್ಸ್ ಗೇಟ್ 3ರಲ್ಲಿ ನಾಲ್ಕನೇ ಲೆವೆಲ್ ತನಕ ಅವನಂಥ ಸಾಧು ಇನ್ನೊಬ್ಬನಿಲ್ಲ. ಐದಕ್ಕೆ ಬಂದು ಫೈರ್‌ಬಾಲ್ ಅನ್ನುವ ಬೆಂಕಿಯುಂಡೆಯ ಮಂತ್ರ ಕಲಿತ ನೋಡಿ, ಮುಗೀತು. ಆರು ಮುಖದ ಎಂಟು ದಾಳ ಉರುಳಿಸಿದರೆ ಬರುವಷ್ಟು ಡ್ಯಾಮೇಜ್ ಅದರದ್ದು. ಸರಾಸರಿ 28. ಆ ಲೆವೆಲ್‌ನಲ್ಲಿ ಅವನ ಸ್ವಂತ ಜೀವವೇ ಮೂವತ್ತು ಪಾಯಿಂಟ್‌ನ ಆಸುಪಾಸು! ಬೆಂಕಿಗೆ ನಮ್ಮವರು, ಅವರವರು ಅನ್ನುವ ಭೇದವೂ ಇಲ್ಲ. ಸ್ನೇಹಿತರಿಗೆ ತಾಗದ ಹಾಗೆ ಬೆಂಕಿ ಎಸೆಯುವ ವಿದ್ಯೆ ಇದೆಯಂತೆ. ಮಾಂತ್ರಿಕರಲ್ಲಿ ಎವೊಕೇಶನ್ ಶಾಖೆಯವರಿಗೆ ಅದು ಬರುತ್ತದೆ. ನಮ್ಮವನದು ಬೇರೆ ಶಾಖೆ.

ಒಂದು ಸಲ ಗಾಬ್ಲಿನ್ ಅನ್ನುವ ಕುಳ್ಳ ರಾಕ್ಷಸರು ಬಾಗಿಲ ಹತ್ತಿರ ಗುಂಪಾಗಿ ನಿಂತಿದ್ದರು. ಫೈರ್‌ಬಾಲ್‌ಗೆ ಅಂತಲೇ ಯಾರೋ ಜೋಡಿಸಿಟ್ಟ ಹಾಗೆ. ಆದರೆ ಇನಿಶಿಯೇಟಿವ್‌ನಲ್ಲಿ, ಅಂದರೆ ಸರದಿಯ ಸಾಲಿನಲ್ಲಿ, ನಮ್ಮ ಬಾರ್ಬೇರಿಯನ್ ಯೋಧೆ ಮಾಂತ್ರಿಕನಿಗಿಂತ ಮುಂದಿದ್ದಳು. ಅವಳಿಗೆ ಗೊತ್ತಿರುವ ತಂತ್ರ ಒಂದೇ, ಓಡಿಹೋಗಿ ನಟ್ಟನಡುವೆ ನಿಲ್ಲುವುದು. ನಿಂತಳು. ನಾಲ್ಕು ಏಟು ತಿಂದಳು. ಆಮೇಲೆ ಇವನ ಸರದಿ. ಬೆಂಕಿ ಎಲ್ಲಿ ಬೀಳುತ್ತದೆ ಅಂತ ತೋರಿಸುವ ವೃತ್ತವನ್ನು ಎಡಕ್ಕೆ ಸರಿಸಿದೆ, ಬಲಕ್ಕೆ ಸರಿಸಿದೆ. ಎಷ್ಟು ಸರಿಸಿದರೂ ಅವಳದೊಂದು ಕಾಲು ಒಳಗೇ. ಒಂದು ಕಾಲು ತಾನೇ, ಪರವಾಗಿಲ್ಲ ಅಂದುಕೊಂಡೆವು, ನಾನು ಮತ್ತು ಅವನು. ಗೇಮ್‌ಗೆ ಕಾಲೂ ಒಂದೇ, ತಲೆಯೂ ಒಂದೇ. ಬಾರ್ಬೇರಿಯನ್‌ಗೆ ರೇಜ್, ಅಂದರೆ ರೋಷ, ಬಂದಾಗ ಕತ್ತಿ, ಬಾಣದ ಏಟು ಅರ್ಧ ಆಗುತ್ತದೆ. ಬೆಂಕಿಗೆ ಆ ರಿಯಾಯಿತಿ ಇಲ್ಲ. ಅವಳು ಬಿದ್ದಳು, ಗಾಬ್ಲಿನ್‌ಗಳಲ್ಲಿ ಎರಡು ಉಳಿದವು, ಪಕ್ಕದಲ್ಲಿದ್ದ ಎಣ್ಣೆಯ ಪೀಪಾಯಿ ಹತ್ತಿಕೊಂಡಿತು. ಪೀಪಾಯಿಯ ಹಿಂದೆ ನಮ್ಮ ಕಳ್ಳ ಅಡಗಿ ಕೂತಿದ್ದ. ತುಂಬಾ ಚೆನ್ನಾಗಿ ಅಡಗಿದ್ದ, ಪಾಪ. ನಮಗೂ ಕಂಡಿರಲಿಲ್ಲ.

ಇನ್ನು ಈ ಶೇಕಡಾ 95. ತೆರೆಯ ಮೇಲೆ ಏಟು ತಾಗುವ ಸಾಧ್ಯತೆ 95% ಅಂತ ಕಂಡರೆ ಏಟು ಬಿದ್ದಂತೆಯೇ ಅಂತ ಮನಸ್ಸು ಹೇಳುತ್ತದೆ. ಇಪ್ಪತ್ತು ಮುಖದ ದಾಳ ಹಾಗೆ ಹೇಳುವುದಿಲ್ಲ. 1 ಬಿತ್ತೋ, ಎಂಥ ವೀರನ ಏಟೂ ಗಾಳಿಗೆ. ಲೆಕ್ಕ ಹಾಕಿ ನೋಡಿ. ನಾಲ್ವರೂ 95ರ ಏಟು ಕೊಟ್ಟರೆ ನಾಲ್ಕೂ ತಾಗುವ ಸಾಧ್ಯತೆ 81% ಮಾತ್ರ. ಅಂದರೆ ಹೆಚ್ಚು ಕಡಿಮೆ ಐದು ಸುತ್ತಿಗೊಮ್ಮೆ ಯಾರಾದರೊಬ್ಬರು ಕೈಕೊಡಲೇಬೇಕು. ಗಣಿತದ ಬಗ್ಗೆ ನನಗೆ ತಕರಾರಿಲ್ಲ. ಆ ಒಬ್ಬರು ಯಾವಾಗಲೂ ಬಾಸ್‌ಗೆ, ಅಂದರೆ ದೊಡ್ಡ ಶತ್ರುವಿಗೆ, ಮೂರೇ ಮೂರು ಪಾಯಿಂಟ್ ಜೀವ ಉಳಿದಾಗ ಯಾಕೆ ಸಿಗುತ್ತಾರೆ ಅನ್ನುವುದಷ್ಟೇ ನನ್ನ ತಕರಾರು.

ನಮ್ಮ ತಂಡದ ಪೂಜಾರಿಣಿ ಕ್ಲೆರಿಕ್ ಕಥೆ ಚಿಕ್ಕದು. ಕಾನ್ಸಂಟ್ರೇಶನ್ ಬೇಕಾದ ಮಂತ್ರ ಹಾಕಿ ಎಲ್ಲರನ್ನೂ ಹರಸುತ್ತಾಳೆ. ಎಲ್ಲಿಂದಲೋ ಒಂದು ಬಾಣ ಬಂದು ಸವರಿಕೊಂಡು ಹೋಗುತ್ತದೆ, ಡ್ಯಾಮೇಜ್ ಎರಡು. ಗಮನ ಕದಲುತ್ತದೆ, ಆಶೀರ್ವಾದ ರದ್ದು.

ಹಳೆಯ ಗೇಮುಗಳಲ್ಲಿ ಎಲ್ಲ ಸರಿಯಿತ್ತು ಅನ್ನುವವರನ್ನು ನಂಬಬೇಡಿ. 1987ರ ಮೊದಲ ಫೈನಲ್ ಫ್ಯಾಂಟಸಿಯಲ್ಲಿ ನಾಲ್ವರಿಗೂ ಒಂದೇ ಶತ್ರುವನ್ನು ತೋರಿಸಿದಿರಿ ಅನ್ನಿ. ಮೊದಲನೆಯವನ ಏಟಿಗೇ ಅದು ಸತ್ತರೆ ಉಳಿದ ಮೂವರೂ ಶಿಸ್ತಾಗಿ ಸರದಿಯಲ್ಲಿ ಬಂದು ಖಾಲಿ ಜಾಗಕ್ಕೆ ಕತ್ತಿ ಬೀಸಿ ಹೋಗುತ್ತಿದ್ದರು. ಪಕ್ಕದಲ್ಲಿ ಇನ್ನೊಂದು ಹಲ್ಲು ಕಿರಿಯುತ್ತಾ ನಿಂತಿದ್ದರೂ ಅದು ಅವರ ಇಲಾಖೆಗೆ ಬರುವುದಿಲ್ಲ.

2006ರ ಹನ್ನೆರಡನೆಯ ಫೈನಲ್ ಫ್ಯಾಂಟಸಿ ಬೇರೆಯೇ ಒಂದು ಉಪಾಯ ತಂದಿತು. ಗ್ಯಾಂಬಿಟ್ ಅಂತ. ಯಾವಾಗ ಏನು ಮಾಡಬೇಕು ಅಂತ ಮೇಲಿಂದ ಕೆಳಗೆ ಬರೆದು ಕೊಟ್ಟರೆ ಅವರೇ ನೋಡಿಕೊಳ್ಳುತ್ತಾರೆ. ‘ಶತ್ರುವಿನ ಜೀವ ಪೂರ್ತಿ ಇದ್ದರೆ ಕದಿ’ ಅನ್ನುವುದು ಒಳ್ಳೆಯ ಸೂತ್ರ. ಒಬ್ಬನಿಗೆ ಕೊಟ್ಟರೆ ಲಾಭ. ಮೂವರ ಪಟ್ಟಿಯಲ್ಲೂ ಅದೇ ಮೇಲಿದ್ದಾಗ ಏನಾಯಿತು ಅಂದರೆ, ಮರುಭೂಮಿಯ ತೋಳವೊಂದರ ಜೇಬಿಗೆ ಮೂವರೂ ಕೈ ಹಾಕುತ್ತಾ ನಿಂತರು. ಕದಿಯಲು ಏನೂ ಇಲ್ಲ ಅಂತ ಗೇಮ್ ಹೇಳುತ್ತದೆ, ಇವರು ಮತ್ತೆ ಕೈ ಹಾಕುತ್ತಾರೆ. ಯಾರೂ ಹೊಡೆಯುತ್ತಿಲ್ಲ, ಹಾಗಾಗಿ ಅದರ ಜೀವ ಪೂರ್ತಿ. ಜೀವ ಪೂರ್ತಿ, ಹಾಗಾಗಿ ಯಾರೂ ಹೊಡೆಯುವುದಿಲ್ಲ. ತೋಳಕ್ಕೆ ಮಾತ್ರ ಗೊಂದಲವೇ ಇರಲಿಲ್ಲ, ಕಚ್ಚುತ್ತಲೇ ಇತ್ತು.

ಇಷ್ಟೆಲ್ಲ ಆದ ಮೇಲೆ ಡಿಫಿಕಲ್ಟಿ ಇಳಿಸೋದಲ್ವಾ ಅಂತ ನೀವು ಕೇಳಬಹುದು. ಏರಿಸಿದೆ. ಬಾಲ್ಡರ್ಸ್ ಗೇಟ್ 3ರ ಟ್ಯಾಕ್ಟಿಶಿಯನ್ ಮೋಡ್. ಶತ್ರುಗಳು ಚುರುಕಾಗುತ್ತಾರೆ ಅಂತ ಗೊತ್ತಿತ್ತು. ನಮ್ಮವರ ಹೊಟ್ಟೆಯೂ ದೊಡ್ಡದಾಗುತ್ತದೆ ಅಂತ ಗೊತ್ತಿರಲಿಲ್ಲ. ರಾತ್ರಿ ಮಲಗಿ ಸುಧಾರಿಸಿಕೊಳ್ಳಲು ಮೊದಲು 40 ಪಾಯಿಂಟ್‌ನಷ್ಟು ಆಹಾರ ಸಾಕಿತ್ತು, ಈಗ 80. ಲೋಕ ಉಳಿಸಲು ಹೊರಟವಳು ಕಂಡವರ ಅಡುಗೆಮನೆಗೆ ನುಗ್ಗಿ ಕ್ಯಾರೆಟ್ ಎತ್ತುತ್ತಿದ್ದೇನೆ. ಒಂದೇ ಸೇವ್ ಇರುವ ಆನರ್ ಮೋಡ್ ಕಡೆ ಸದ್ಯಕ್ಕೆ ತಲೆ ಹಾಕಿಲ್ಲ. ಈ ನಾಲ್ವರನ್ನು ನಂಬಿಕೊಂಡು? ದೂರದಿಂದಲೇ ನಮಸ್ಕಾರ.

ಆ ಬಾಗಿಲ ಹತ್ತಿರದ ಯುದ್ಧ ಅಲ್ಲಿಗೇ ನಿಂತಿರಲಿಲ್ಲ ಅನ್ನಿ. ಕ್ಲೆರಿಕ್ ಇನ್ನೂ ನಿಂತಿದ್ದಳು, ಬಾರ್ಬೇರಿಯನ್ ದೂರದಲ್ಲಿ ಬಿದ್ದಿದ್ದಳು. ಈ ಗೇಮ್‌ನಲ್ಲಿ ಮದ್ದಿನ ಶೀಶೆಯನ್ನು ಎಸೆದರೂ ಸಾಕು, ಒಡೆದು ಚೆಲ್ಲಿದಲ್ಲಿ ಇದ್ದವರಿಗೆಲ್ಲ ಜೀವ ಬರುತ್ತದೆ. ಎಸೆದಳು. ಗುರಿ ಸರಿಯಾಗಿ ಬಿತ್ತು, ಬಾರ್ಬೇರಿಯನ್ ಎದ್ದಳು. ಅವಳ ಪಕ್ಕದಲ್ಲೇ ನಿಂತಿದ್ದ, ಅರ್ಧ ಸುಟ್ಟ ಗಾಬ್ಲಿನ್‌ನ ಗಾಯವೂ ಮಾಯವಾಯಿತು. ಅದು ಖುಷಿಯಲ್ಲಿ ಅವಳನ್ನು ಮತ್ತೆ ಕೆಡವಿತು. ಏಟು ತಾಗುವ ಸಾಧ್ಯತೆ ಬರೀ 35% ಇತ್ತು.