ಬಣ್ಣದ ನಕ್ಷೆ ಕೊಳ್ಳುವ ಮುಂಚೆ ಸವಳನ್ನೂ ನೆನಪಿಡಿ

ಹೊಲದಲ್ಲಿ ಕರೆಂಟ್ ಹಾಯಿಸಿ ಮಣ್ಣಿನ ನಕ್ಷೆ ಮಾಡುವ ಯಂತ್ರದ ಬಗ್ಗೆ ಮುಧೋಳ, ಜಮಖಂಡಿ ಕಡೆಯ ಗೆಳೆಯರು ಕೇಳುತ್ತಿರುತ್ತಾರೆ. ಮಾಡಿಸಬಹುದಾ ಅಂತ. ಮಾಡಿಸಿ, ಒಳ್ಳೆಯದೇ. ಆದರೆ ನಕ್ಷೆಯಲ್ಲಿ ಕೆಂಪು ಕಂಡಲ್ಲೆಲ್ಲ ಜಿಗುಟು ಎರೆ (ಕಪ್ಪು ಮಣ್ಣು), ನೀಲಿ ಕಂಡಲ್ಲೆಲ್ಲ ಮರಳು ಅಂತ ಯಾರಾದರೂ ಹೇಳಿದರೆ ದುಡ್ಡು ಕೊಡುವ ಮುಂಚೆ ಸ್ವಲ್ಪ ತಡೆಯಿರಿ.

ಯಂತ್ರದ ಕೆಲಸ ಸರಳ. ಟ್ರ್ಯಾಕ್ಟರ್ ಹಿಂದೆ ಉಕ್ಕಿನ ತಟ್ಟೆಗಳು ಮಣ್ಣು ಸೀಳುತ್ತಾ ಹೋಗುತ್ತವೆ. ಎರಡು ತಟ್ಟೆ ಕರೆಂಟ್ ಬಿಡುತ್ತವೆ, ಉಳಿದವು ವೋಲ್ಟೇಜ್ ಅಳೆಯುತ್ತವೆ. ಜಾಗವನ್ನು ಜಿಪಿಎಸ್ ಬರೆದುಕೊಳ್ಳುತ್ತದೆ. ಕರೆಂಟ್ ಎಲ್ಲಿ ಎಷ್ಟು ಸಲೀಸಾಗಿ ಹಾಯಿತು ಅನ್ನುವ ಅಂಕಿಯೇ ನಕ್ಷೆಯಲ್ಲಿ ಬಣ್ಣವಾಗುತ್ತದೆ. ಇಎಂ38 ಅನ್ನುವ ಇನ್ನೊಂದು ಸಲಕರಣೆ ನೆಲದೊಳಗೆ ಇಳಿಯುವುದೇ ಇಲ್ಲ, ಕಾಂತದ ಬಲದಿಂದಲೇ ಓದುತ್ತದೆ. ನೆಟ್ಟಗೆ ನಿಲ್ಲಿಸಿದರೆ ಸುಮಾರು 1.5 ಮೀಟರ್ ಆಳದ ತನಕ, ಮಲಗಿಸಿದರೆ ಅದರ ಅರ್ಧ. ಜಿಗುಟು ಮಣ್ಣು ನೀರು ಹಿಡಿದಿಡುತ್ತದೆ, ಅದರ ಕಣಗಳ ಮೇಲೆ ವಿದ್ಯುದಂಶವೂ ಜಾಸ್ತಿ. ಹಾಗಾಗಿ ಕರೆಂಟ್ ಸಲೀಸಾಗಿ ಹಾಯುತ್ತದೆ. ಮರಳಿನಲ್ಲಿ ಕಡಿಮೆ.

ತೊಡಕು ಇರುವುದು ಇಲ್ಲೇ. ಕರೆಂಟ್‌ಗೆ ಉಪ್ಪು ಸಿಕ್ಕರೂ ಸಾಕು. ಘಟಪ್ರಭಾ ಕಾಲುವೆ ನೀರಿನಲ್ಲಿ ವರ್ಷಗಟ್ಟಲೆ ಕಬ್ಬು ಬೆಳೆದು ಸವಳು-ಜವಳಾದ (ಉಪ್ಪೇರಿ, ನೀರು ನಿಂತು ಕೆಟ್ಟ) ಹೊಲದಲ್ಲಿ ಯಂತ್ರ ಓಡಿಸಿ ನೋಡಿ. ಅಂಕಿ ಏರುತ್ತದೆ. ಅದು ಎರೆಯೋ, ಉಪ್ಪೋ, ನಿಂತ ನೀರೋ? ಯಂತ್ರಕ್ಕೆ ಎಲ್ಲಾ ಒಂದೇ. ಬೇರೆ ಮಾಡಿ ಹೇಳಬೇಕಾದವರು ನಾವು. ನನ್ನ ಕೇಳಿದರೆ, ಇಂಥ ಕಡೆ ಇದನ್ನು ಮಣ್ಣಿನ ಬಗೆ ತಿಳಿಯಲು ಬಳಸುವುದಕ್ಕಿಂತ ಸವಳು ಎಲ್ಲಿಯ ತನಕ ಹಬ್ಬಿದೆ ಅಂತ ಹುಡುಕಲು ಬಳಸುವುದೇ ಮೇಲು. ಬಸಿಗಾಲುವೆ ಎಲ್ಲಿ ತೋಡಬೇಕು ಅನ್ನುವುದಕ್ಕಾದರೂ ದಾರಿ ಸಿಗುತ್ತದೆ.

ವಿಜಯಪುರದ ಮಳೆಯಾಶ್ರಿತ ಜೋಳದ ಹೊಲಗಳ ಮಾತು ಬೇರೆ. ಅಲ್ಲಿ ಮೇಲೆ ನೋಡಿದರೆ ಎಲ್ಲಾ ಒಂದೇ ಕಪ್ಪು. ಕೆಳಗೆ ಗರಸು (ಕಲ್ಲು ಬೆರೆತ ಗಟ್ಟಿ ಮಣ್ಣು) ಒಂದು ಕಡೆ ಮೊಳದುದ್ದಕ್ಕೇ ಸಿಗುತ್ತದೆ, ಇನ್ನೊಂದು ಕಡೆ ಆಳೆತ್ತರ ತೋಡಿದರೂ ಸಿಗುವುದಿಲ್ಲ. ಹಿಂಗಾರಿ ಬೆಳೆ ನಿಲ್ಲುವುದು ಆ ಆಳದಲ್ಲಿ ಉಳಿದ ತೇವದ ಮೇಲೆ. ಎರೆ ಎಲ್ಲಿ ಆಳ, ಎಲ್ಲಿ ತೆಳು ಅನ್ನುವ ಸುಳಿವು ಸಿಗುವುದರಿಂದ ಅಲ್ಲಿ ಈ ನಕ್ಷೆಗೆ ನಿಜವಾದ ಬೆಲೆ ಇದೆ. (ಡೋಣಿ ದಂಡೆಯವರು ಮಾತ್ರ ಹುಷಾರು, ಆ ಹೊಳೆಯ ನೀರೇ ಉಪ್ಪು.) ಅಳೆಯುವುದು ಮಳೆ ಬಿದ್ದು ನೆಲ ಹದವಾಗಿದ್ದಾಗ. ಬೇಸಿಗೆಯಲ್ಲಿ ಎರೆ ಬಾಯಿಬಿಟ್ಟಿರುತ್ತದೆ, ತಟ್ಟೆ ಮಣ್ಣಿಗೆ ತಾಗುವುದೇ ಇಲ್ಲ.

ಎಲ್ಲಿಯೇ ಆಗಲಿ, ನಕ್ಷೆಯ ಒಂದೊಂದು ಬಣ್ಣದ ಪಟ್ಟಿಯಿಂದಲೂ ಮಣ್ಣು ತೆಗೆದು ಪ್ರಯೋಗಾಲಯಕ್ಕೆ ಕಳಿಸಲೇಬೇಕು. ಮರಳು, ಗೋಡು (ಮರಳಿಗಿಂತ ನವಿರಾದ ಮಣ್ಣು), ಜೇಡಿ ಎಷ್ಟೆಷ್ಟು ಅಂತ ಹೇಳುವುದು ಆ ಪರೀಕ್ಷೆ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡ್ ಇದೆಯಲ್ಲಾ ಅನ್ನಬೇಡಿ. ಅದರ 12 ಅಂಶಗಳಲ್ಲಿ ಈ ಮರಳು-ಜೇಡಿಯ ಲೆಕ್ಕ ಇಲ್ಲ. ಇಸಿ (ವಿದ್ಯುತ್ ವಾಹಕತೆ) ಅಂತ ಒಂದು ಸಾಲು ಇದೆ ನಿಜ, ಆದರೆ ಅದು ಮಣ್ಣನ್ನು ನೀರಿನಲ್ಲಿ ಕದಡಿ ಉಪ್ಪು ಅಳೆದದ್ದು. ಹೊಲದಲ್ಲಿ ಓಡುವ ಯಂತ್ರದ ಅಂಕಿಗೆ ಅದನ್ನು ಹೋಲಿಸಿ ಗೊಂದಲ ಮಾಡಿಕೊಳ್ಳಬೇಡಿ. ಸವಳು ಎಷ್ಟಿದೆ ಅಂತ ನೋಡಲು ಮಾತ್ರ ಆ ಸಾಲು ಉಪಯೋಗಕ್ಕೆ ಬರುತ್ತದೆ.

ಸಣ್ಣ ಹಿಡುವಳಿಯವರು ಇಂಥದ್ದನ್ನು ಸ್ವಂತ ಕೊಳ್ಳುವುದು ಆಗದ ಮಾತು. ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಟ್ರ್ಯಾಕ್ಟರ್, ರೋಟವೇಟರ್ ಬಾಡಿಗೆಗೆ ಕೊಡುವ ಹಾಗೆ ಇದನ್ನೂ ಇಡಬಹುದಲ್ವಾ? ಜೊತೆಗೆ ಮಣ್ಣು ತೆಗೆಯಲು ಬಲ್ಲ ಒಬ್ಬ ಹುಡುಗನನ್ನೂ ಕಳಿಸಲಿ.