ಬೀದಿಯಲ್ಲಿ ಒಂದು ಚಕ್ಕೋತ

ರಾತ್ರಿ ಒಂಬತ್ತಕ್ಕೆ ಮಗಳಿಗೆ ನೆನಪಾಯಿತು, ನಾಳೆ ಸೌರಮಂಡಲದ ಮಾಡೆಲ್ ಒಯ್ಯಬೇಕಂತೆ. ಈ ಪ್ರಾಜೆಕ್ಟ್‌ಗಳನ್ನು ಕೊಡುವುದು ಮಕ್ಕಳಿಗೋ ಅಪ್ಪಂದಿರಿಗೋ ಎಂದು ಗೊಣಗುತ್ತಾ ಅಂಗಡಿಗೆ ಓಡಿದೆ. ಶಟರ್ ಅರ್ಧ ಎಳೆದಿದ್ದವರು ಥರ್ಮಾಕೋಲ್ ಉಂಡೆಗಳ ಪೊಟ್ಟಣ ಕೊಟ್ಟರು. ಸೂರ್ಯ, ಜೊತೆಗೆ ಒಂಬತ್ತು ಗ್ರಹ.

“ಪ್ಲೂಟೊವನ್ನು 2006ರಲ್ಲೇ ಸಾಲಿನಿಂದ ಎಬ್ಬಿಸಿದ್ದಾರಲ್ರೀ.”

“ಒಂದು ಜಾಸ್ತಿ ಇದ್ರೆ ನಿಮಗೇನು ನಷ್ಟ ಸಾರ್?”

ಅದು ಹೋಗಲಿ. ಗುರುವಿನ ಉಂಡೆ ಸೂರ್ಯನ ಅರ್ಧದಷ್ಟಿತ್ತು! ಸೂರ್ಯನ ಅಡ್ಡಳತೆ ಗುರುವಿನ ಹತ್ತರಷ್ಟು, ಸ್ವಾಮಿ. ಗೋಡೆಗೆ ಹಾಕುವ ಚಾರ್ಟುಗಳೂ ಹಾಗೇ. ರೇಷನ್ ಅಂಗಡಿ ಮುಂದೆ ನಿಂತವರ ಹಾಗೆ ಎಲ್ಲ ಗ್ರಹಗಳೂ ಒಂದಕ್ಕೊಂದು ಅಂಟಿಕೊಂಡಿರುತ್ತವೆ.

ಹಟಕ್ಕೆ ಬಿದ್ದೆ. ಲಕ್ಷ ಕಿಲೋಮೀಟರಿಗೆ ಒಂದು ಸೆಂಟಿಮೀಟರ್ ಎಂದು ಲೆಕ್ಕ ಹಾಕಿದೆ. ಸೂರ್ಯ 14 ಸೆಂಟಿಮೀಟರ್. ಗಣಪತಿ ಮುಂದೆ ಇಟ್ಟಿದ್ದ ಚಕ್ಕೋತ ಸರಿಹೋಯಿತು. ಉಳಿದದ್ದೆಲ್ಲ ಅಡುಗೆಮನೆಯಲ್ಲೇ ಸಿಕ್ಕಿತು. ಭೂಮಿಗೂ ಶುಕ್ರನಿಗೂ ಸಾಸಿವೆ, ಬುಧ ಮಂಗಳರಿಗೆ ರವೆ, ಶನಿಗೆ ಕಾಬೂಲ್ ಕಡಲೆ, ಯುರೇನಸ್ ನೆಪ್ಚೂನ್‌ಗಳಿಗೆ ಕರಿಮೆಣಸು. ಗುರುವಿಗೆ ಮಾತ್ರ ಮಗಳ ಗೋಲಿ.

ಬೆಳಗ್ಗೆ ಆರಕ್ಕೆ ಟೇಪು ಹಿಡಿದು ಬೀದಿಗೆ ಇಳಿದೆ. ಕಾಂಪೌಂಡ್ ಮೇಲೆ ಚಕ್ಕೋತ. ಭೂಮಿ 15 ಮೀಟರ್ ಆಚೆ ಬರಬೇಕು. ಅಲ್ಲಿ ಮೂರನೇ ಮನೆಯ ಅಜ್ಜಿಯ ರಂಗೋಲಿ ಇತ್ತು. ಬಗ್ಗಿ ಒಂದು ಸಾಸಿವೆ ಇಟ್ಟೆ.

“ಏನಪ್ಪಾ ಅದು, ನಮ್ಮ ಬಾಗಿಲಿಗೆ ಸಾಸಿವೆ ಹಾಕ್ತಿದೀಯ?”

ಬೆಳಗಿನ ಹೊತ್ತು, ಪರರ ಬಾಗಿಲು, ಸಾಸಿವೆ. ನನಗೇ ಭಯವಾಯಿತು. “ಮಾಟ ಅಲ್ಲ ಅಜ್ಜಿ, ಭೂಮಿ,” ಎಂದೆ.

“ಭೂಮಿ ಆದ್ರೆ ನಿಮ್ಮನೆ ಮುಂದೆ ಇಟ್ಕೋ.”

“ಅಲ್ಲಿಟ್ಟರೆ ಸುಟ್ಟುಹೋಗುತ್ತೆ ಅಜ್ಜಿ!”

ಈ ಮಾತು ಆಡಬಾರದಿತ್ತು. ಅಜ್ಜಿ ಒಳಗೆ ಹೋಗಿ ಸೊಸೆಯನ್ನು ಕರೆತಂದರು, ಸೊಸೆ ಗಂಡನನ್ನು. ಅವರು ಹಲ್ಲುಜ್ಜುತ್ತಲೇ ಬಂದು ನನ್ನ ಟೇಪು ನೋಡಿ, ರಸ್ತೆ ಅಗಲ ಮಾಡ್ತಾರಾ ಎಂದರು. ಇಲ್ಲ, ಗುರು 78 ಮೀಟರಿಗೆ ಬರುತ್ತಾನೆ, ಟ್ರಾನ್ಸ್‌ಫಾರ್ಮರ್ ಹತ್ತಿರ, ಎಂದೆ. ನೆಪ್ಚೂನ್ 450 ಮೀಟರಿಗೆ, ಬಸ್ ಸ್ಟಾಪ್ ದಾಟಿ. ಅವರು ಬ್ರಷ್ ಬಾಯಿಂದ ತೆಗೆದು ನನ್ನನ್ನು ಬಹಳ ಹೊತ್ತು ನೋಡಿದರು. ಅಷ್ಟರಲ್ಲಿ ಅಜ್ಜಿ ಪೊರಕೆ ತಂದು ಭೂಮಿಯನ್ನು ಮೋರಿಗೆ ಗುಡಿಸಿದರು.

ವಾಪಸ್ ಬಂದಾಗ ಚಕ್ಕೋತದಿಂದ ಒಂದು ಇರುವೆ ಇಳಿಯುತ್ತಿತ್ತು. ಆಗ ಹೊಳೆಯಿತು. ನಮ್ಮ ಬೀದಿಯ ಲೆಕ್ಕದಲ್ಲಿ ಬೆಳಕಿನ ವೇಗ ಸೆಕೆಂಡಿಗೆ 3 ಸೆಂಟಿಮೀಟರ್. ಹೆಚ್ಚುಕಡಿಮೆ ಇರುವೆಯ ನಡಿಗೆ! ಅಜ್ಜಿಯ ರಂಗೋಲಿ ಮುಟ್ಟಲು ಎಂಟು ನಿಮಿಷ ಚಿಲ್ಲರೆ, ನೆಪ್ಚೂನ್‌ಗೆ ನಾಲ್ಕು ಗಂಟೆ. ಅತಿ ಹತ್ತಿರದ ಇನ್ನೊಂದು ನಕ್ಷತ್ರಕ್ಕೆ 4000 ಕಿಲೋಮೀಟರ್ ನಡೆಯಬೇಕು. ಇದರಲ್ಲಿ ಏನೋ ದೊಡ್ಡ ವಿಷಯ ಇದೆ, ಅಲ್ವಾ? ಮಗಳಿಗೆ ಹೇಳೋಣ ಎಂದು ಬಾಯಿ ತೆರೆದೆ. ಸ್ಕೂಲ್ ವ್ಯಾನ್ ಹಾರ್ನ್ ಹೊಡೆಯಿತು.

ಅವಳು ಥರ್ಮಾಕೋಲನ್ನೇ ಒಯ್ದಳು. ರಾತ್ರಿಯೇ ಅವರಮ್ಮ ಬಣ್ಣ ಹಚ್ಚಿಕೊಟ್ಟಿದ್ದಳಂತೆ, ಪ್ಲೂಟೊಗೂ ಸೇರಿ.

ಸಂಜೆ ಚಕ್ಕೋತ ಬಿಡಿಸಿದೆವು. ಸ್ವಲ್ಪ ಕಹಿ.