ಗ್ರೀನ್ ಕರಿಯೂ ಸೊಂಟದ ಸುತ್ತಳತೆಯೂ

ತೂಕ ಇಳಿಸುತ್ತಿರುವವರ ಜೊತೆ ಥಾಯ್ ಹೋಟೆಲಿಗೆ ಹೋಗಬಾರದು. ಮೆನು ಕೈಗೆ ಬಂದ ಕೂಡಲೇ ವಿಚಾರಣೆ ಶುರು. "ಇದರಲ್ಲಿ ತೆಂಗಿನ ಹಾಲು ಇದೆಯಾ?" ಗ್ರೀನ್ ಕರಿ, ಇದೆ. ರೆಡ್ ಕರಿ, ಇದೆ. ಮಸ್ಸಮನ್, ಇದೆ, ಜೊತೆಗೆ ಆಲೂಗಡ್ಡೆ, ಕಡಲೆಕಾಯಿ ಬೇರೆ. ಕೊನೆಗೆ ಪಾಪ, ಅವರು ಒಂದು ತಿಳಿ ಸೂಪ್ ಹೇಳಿ ನಮ್ಮ ಬಟ್ಟಲನ್ನೇ ನೋಡುತ್ತಾ ಕೂರುತ್ತಾರೆ, ನಾವು ತಿಂದದ್ದೂ ಮೈಗೆ ಹತ್ತುವುದಿಲ್ಲ.

ಮೊದಲು ಲೆಕ್ಕ ಮುಗಿಸಿಬಿಡೋಣ. ಡಬ್ಬಿಯಲ್ಲಿ ಬರುವ ತೆಂಗಿನ ಹಾಲಿನಲ್ಲಿ 100 ಗ್ರಾಮಿಗೆ ಹೆಚ್ಚುಕಮ್ಮಿ 200 ಕ್ಯಾಲೊರಿ ಇರುತ್ತದೆ, ಬಹುಪಾಲು ಕೊಬ್ಬಿನಿಂದಲೇ ಬಂದದ್ದು. ಅಂದರೆ 400 ಎಂಎಲ್‌ನ ಒಂದು ಡಬ್ಬಿಯನ್ನು ಒಬ್ಬರೇ ಮುಗಿಸಿದರೆ 700-800 ಕ್ಯಾಲೊರಿ. ಅನ್ನ ಇನ್ನೂ ತಟ್ಟೆಗೇ ಬಂದಿಲ್ಲ! ವಾಟ್ಸಾಪ್ ಪಂಡಿತರು ಮಾತ್ರ "ತೆಂಗಿನ ಕೊಬ್ಬು ಮೈಗೆ ಅಂಟಲ್ಲ, ಹಾಗೇ ಉರಿದು ಹೋಗುತ್ತೆ" ಅನ್ನುತ್ತಾರೆ. ಅವರು ನೆಚ್ಚಿಕೊಂಡಿರುವ ಪ್ರಯೋಗಗಳಲ್ಲಿ ಹೆಚ್ಚಿನವು ಎಂಸಿಟಿ ಎಣ್ಣೆ (ಮಧ್ಯಮ ಉದ್ದದ ಸರಪಳಿಯ ಕೊಬ್ಬು, ಬೇಗ ಉರಿಯುವಂಥದ್ದು) ಅಂತ ಬೇರೆಯಾಗಿಯೇ ತಯಾರಿಸಿದ ಎಣ್ಣೆಯ ಮೇಲೆ ನಡೆದವು. ತೆಂಗಿನೆಣ್ಣೆಯಲ್ಲಿ ಸುಮಾರು ಅರ್ಧದಷ್ಟು ಇರುವುದು ಲಾರಿಕ್ ಆಮ್ಲ ಎಂಬ ಕೊಬ್ಬಿನಾಮ್ಲ, ಅದರಲ್ಲಿ ಬಹುಪಾಲು ಮಾಮೂಲಿ ಕೊಬ್ಬು ಹೋಗುವ ದಾರಿಯಲ್ಲೇ ಹೋಗುತ್ತದೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2017ರಲ್ಲಿ ತೆಂಗಿನೆಣ್ಣೆ ಬೇಡ ಎಂದೇ ಸಲಹೆ ಕೊಟ್ಟಿತು. ಅದು ಹೃದಯದ ವಿಚಾರ, ಸೊಂಟದ ವಿಚಾರಕ್ಕೆ ಬರೋಣ.

ಥಾಯ್ ಮನೆಗಳಲ್ಲಿ ಕರಿ ಇರುವುದು ಮೇಜಿನ ನಡುವೆ, ಎಲ್ಲರಿಗೂ ಸೇರಿ ಒಂದೇ ಬಟ್ಟಲು. ಅದರ ಪಕ್ಕದಲ್ಲಿ ಒಂದು ತಿಳಿಸಾರಿನಂಥದ್ದು, ಒಂದು ಹುರಿದ ಸೊಪ್ಪು, ಖಾರದ ಚಟ್ನಿ, ಅದಕ್ಕೆ ನಂಚಿಕೊಳ್ಳಲು ಹಸಿ ತರಕಾರಿ. ಬಲಗೈಯಲ್ಲಿ ಚಮಚ, ಎಡಗೈಯಲ್ಲಿ ಫೋರ್ಕ್. ಫೋರ್ಕಿನಿಂದ ಚಮಚಕ್ಕೆ ಅನ್ನ ತಳ್ಳಿ, ಒಂದೆರಡು ಚಮಚ ಕರಿ ಅನ್ನದ ಮೇಲೆ ಹಾಕಿಕೊಂಡು, ಮುಗಿದ ಮೇಲೆ ಮತ್ತೊಂದಕ್ಕೆ ಕೈ ಹಾಕುತ್ತಾರೆ. ಬ್ಯಾಂಕಾಕಿನ ರಸ್ತೆ ಬದಿಯ ಅನ್ನ-ಕರಿ ಅಂಗಡಿಗಳಲ್ಲೂ ಅಷ್ಟೇ, ಸಾಲಾಗಿ ಇಟ್ಟ ಟ್ರೇಗಳಲ್ಲಿ ಬೇಕಾದ್ದನ್ನು ಬೆರಳು ಮಾಡಿ ತೋರಿಸಿದರೆ ಅನ್ನದ ಮೇಲೆ ಒಂದು ಸೌಟು ಬೀಳುತ್ತದೆ. ಇಲ್ಲಿ ಬೆಂಗಳೂರಿನ ಮಾಲ್‌ಗಳಲ್ಲಿ ತಲೆಗೊಂದು ಬಟ್ಟಲು ತಂದಿಡುತ್ತಾರೆ. ನಾವು ಸಾರು ಕುಡಿದು ಬೆಳೆದವರು, ಬಟ್ಟಲಲ್ಲಿ ಉಳಿಸುವುದುಂಟೇ? ಕೊನೇ ತೊಟ್ಟನ್ನೂ ಕುಡಿದು, ಆಮೇಲೆ ತೆಂಗಿನಕಾಯಿಯನ್ನು ಬೈಯುತ್ತೇವೆ.

ಅವರು ಆ ಹಾಲನ್ನು ಬಳಸುವ ರೀತಿ ಒಮ್ಮೆ ನೋಡಬೇಕು. ಮೊದಲು ಹಿಂಡಿದ ದಪ್ಪ ಹಾಲನ್ನಷ್ಟೇ ಬಾಣಲೆಗೆ ಹಾಕಿ ಕುದಿಸುತ್ತಾರೆ. ನೀರು ಇಂಗುತ್ತಾ ಬಂದ ಹಾಗೆ ದೊಡ್ಡ ದೊಡ್ಡ ಗುಳ್ಳೆ ಎದ್ದು, ಸದ್ದು ಬದಲಾಗಿ, ಬಿಳಿ ಹಾಲು ಒಡೆದು ಅಂಚಿನಲ್ಲಿ ಎಣ್ಣೆ ಮಿನುಗತೊಡಗುತ್ತದೆ. ಹಾಲು ಒಡೆದರೆ ನಾವು ತಲೆ ಮೇಲೆ ಕೈ ಇಟ್ಟುಕೊಳ್ಳುತ್ತೇವೆ, ಅವರು ಅದಕ್ಕೇ ಕಾಯುತ್ತಿರುತ್ತಾರೆ. ಆ ಎಣ್ಣೆಯಲ್ಲೇ ಅರೆದ ಮಸಾಲೆ ಹುರಿಯಬೇಕು, ಗ್ರೀನ್ ಕರಿ ಮೇಲೆ ತೇಲುವ ಹಸಿರು ಎಣ್ಣೆ ಹುಟ್ಟುವುದು ಇಲ್ಲೇ. ಎರಡನೇ ಸಲ ಹಿಂಡಿದ ನೀರು ಹಾಲು ಆಮೇಲೆ ಬರುತ್ತದೆ. ಅಂದರೆ ಒಗ್ಗರಣೆ ಎಣ್ಣೆಯ ಕೆಲಸವನ್ನೂ ತೆಂಗೇ ಮಾಡುತ್ತದೆ. ಬೇರೆ ಕಡೆ ಈ ಹಾಲಿನ ಜೊತೆಗೆ ಅರ್ಧ ಬಟ್ಟಲು ರಿಫೈನ್ಡ್ ಎಣ್ಣೆಯೂ ಬೀಳುತ್ತದೆ, ಅಲ್ವಾ? (ಹಳೆಯ ಥಾಯ್ ಮನೆಗಳ ತುರಿಮಣೆ ಮೊಲದ ಆಕಾರದ್ದು. ಬೆನ್ನ ಮೇಲೆ ಕೂತು, ಮುಂದೆ ಚಾಚಿರುವ ಕಬ್ಬಿಣದ ಹಲ್ಲಿಗೆ ಕಾಯಿ ತುರಿಯುವುದು. ನಮ್ಮ ಕರಾವಳಿಯ ಅಜ್ಜಿಯರಿಗೆ ಅದನ್ನು ಕೊಟ್ಟರೆ ಮಾತಿಲ್ಲದೆ ಕೂತು ತುರಿಯುತ್ತಿದ್ದರು.)

ಥಾಯ್ ಅಡುಗೆ ಎಂದರೆ ತೆಂಗಿನ ಹಾಲು ಎಂಬುದೂ ಪೂರ್ತಿ ನಿಜವಲ್ಲ. ಈಶಾನ್ಯದ ಇಸಾನ್ ಸೀಮೆಯಲ್ಲಿ ಅದರ ಬಳಕೆ ಕಡಿಮೆ. ಅಲ್ಲಿ ಹಸಿ ಪರಂಗಿಕಾಯಿ ಕುಟ್ಟಿ ಮಾಡುವ ಸೋಮ್ ತಾಮ್, ಸುಟ್ಟ ಕೋಳಿ, ಅಂಟು ಅಕ್ಕಿ ಅನ್ನ. ಹುಳಿ ಕರಿ ಕೇಂಗ್ ಸೋಮ್‌ಗೂ, ಕಾಡಿನ ಕರಿ ಕೇಂಗ್ ಪಾಗೂ ತೊಟ್ಟು ತೆಂಗಿನ ಹಾಲು ಬೀಳುವುದಿಲ್ಲ. ಆದರೆ ಕೇಂಗ್ ಪಾ ತಿನ್ನಲು ಧೈರ್ಯ ಬೇಕು, ಖಾರ ತಗ್ಗಿಸಲು ಹಾಲೇ ಇಲ್ಲವಲ್ಲ.

ನನ್ನ ಅನುಮಾನ ಇರುವುದು ಸಕ್ಕರೆ ಮೇಲೆ. ಕರಿಗೆ ಒಂದಿಷ್ಟು ತಾಳೆ ಬೆಲ್ಲವೋ ತೆಂಗಿನ ಬೆಲ್ಲವೋ ಬೀಳುತ್ತದೆ, ಅದು ಬಿಡಿ. ಜೊತೆಗೆ ಹೇಳಿದ ಆ ಕಿತ್ತಳೆ ಬಣ್ಣದ ಐಸ್ ಟೀ, ಸಕ್ಕರೆ ಸಾಲದೆಂದು ಅದಕ್ಕೆ ಕಂಡೆನ್ಸ್ಡ್ ಮಿಲ್ಕ್. ಕರಿಯನ್ನು ಅನುಮಾನದಿಂದ ನೋಡುವವರು ಇದನ್ನು ಸುಮ್ನೆ ಸ್ಟ್ರಾದಲ್ಲಿ ಎಳೆಯುತ್ತಾ ಕೂತಿರುತ್ತಾರೆ.

ಇನ್ನು ಮಾವಿನ ಹಣ್ಣಿನ ಸ್ಟಿಕಿ ರೈಸ್. ಇದನ್ನು ಸಮರ್ಥಿಸಲು ನನ್ನ ಹತ್ತಿರ ಯಾವ ವಾದವೂ ಇಲ್ಲ. ಹಬೆಯಲ್ಲಿ ಬೆಂದ ಅಂಟು ಅನ್ನಕ್ಕೆ ಸಕ್ಕರೆ ಹಾಕಿದ ತೆಂಗಿನ ಹಾಲು ಕುಡಿಸಿ, ಪಕ್ಕದಲ್ಲಿ ಮಾಗಿದ ಮಾವು ಹೆಚ್ಚಿಟ್ಟು, ಮೇಲೆ ಚೂರು ಉಪ್ಪು ಹಾಕಿದ ದಪ್ಪ ಹಾಲು ಸುರಿಯುತ್ತಾರೆ. 2022ರ ಏಪ್ರಿಲ್‌ನಲ್ಲಿ ಮಿಲ್ಲಿ ಎಂಬ ಥಾಯ್ ರ‍್ಯಾಪರ್ ಹುಡುಗಿ ಅಮೆರಿಕದ ಕೋಚೆಲ್ಲಾ ಸಂಗೀತೋತ್ಸವದ ವೇದಿಕೆಯ ಮೇಲೆ ಇದನ್ನು ತಿಂದಳು ನೋಡಿ, ಅತ್ತ ಥಾಯ್ಲೆಂಡಿನ ಅಂಗಡಿಗಳಲ್ಲಿ ಆರ್ಡರೋ ಆರ್ಡರ್. ಆಗ ಯಾರಾದರೂ ಕ್ಯಾಲೊರಿ ಕೇಳಿದ್ದರೆ ಹೇಳಿ! ತೂಕದ ಚಿಂತೆ ಇದ್ದವರು ಇಬ್ಬರಿಗೆ ಒಂದು ಪ್ಲೇಟ್ ಹೇಳಲಿ. ಆ ಉಪ್ಪು ಹಾಲನ್ನು ಮಾತ್ರ ಕಡಿಮೆ ಹಾಕಿ ಅನ್ನಬಾರದು.